ಸಬ್‌ಕ್ವೆರಿಯೊಳಗಿನ ಕಾಲಂ ಯಾವ ಟೇಬಲ್‌ದು? ನೀವೇ ಪರೀಕ್ಷೆ ಮಾಡಿ ನೋಡುವ ಬಗೆ

ಡೇಟಾಬೇಸ್‌ಗೆ ಎಸ್‌ಕ್ಯುಎಲ್ ಭಾಷೆಯಲ್ಲಿ ಕೊಡುವ ಆದೇಶವೇ ಕ್ವೆರಿ. ಅದರೊಳಗೆ ಬ್ರಾಕೆಟ್‌ನಲ್ಲಿ ಬರುವ ಇನ್ನೊಂದು ಕ್ವೆರಿ ಸಬ್‌ಕ್ವೆರಿ. ಈ ಕ್ವೆರಿಯನ್ನು ಒಮ್ಮೆ ನಿಧಾನವಾಗಿ ಓದಿ.

ಡಿಲೀಟ್ ಫ್ರಮ್ ಸದಸ್ಯರು
ವೇರ್ ಸದಸ್ಯ_ಐಡಿ ಇನ್ (ಸೆಲೆಕ್ಟ್ ಸದಸ್ಯ_ಐಡಿ ಫ್ರಮ್ ಬಿಟ್ಟವರು)

ಬಿಟ್ಟುಹೋದವರ ಪಟ್ಟಿಯಲ್ಲಿ ಇರುವವರನ್ನು ಸದಸ್ಯರ ಟೇಬಲ್‌ನಿಂದ ತೆಗೆಯಬೇಕು, ಇಷ್ಟೇ ಉದ್ದೇಶ. ಆದರೆ 'ಬಿಟ್ಟವರು' ಟೇಬಲ್‌ನಲ್ಲಿ ಸದಸ್ಯ_ಐಡಿ ಅನ್ನುವ ಕಾಲಮ್ಮೇ ಇಲ್ಲ. ಅಲ್ಲಿ ಅದರ ಹೆಸರು ಬರೀ ಐಡಿ. ಹಾಗಾದರೆ ಎರರ್ ಬರಬೇಕು ಅಲ್ವಾ? ಬರುವುದಿಲ್ಲ. 'ಬಿಟ್ಟವರು' ಟೇಬಲ್‌ನಲ್ಲಿ ಒಂದೇ ಒಂದು ಸಾಲು ಇದ್ದರೂ ಸಾಕು, ಐಡಿ ಇರುವ ಸದಸ್ಯರೆಲ್ಲರೂ ಅಳಿಸಿಹೋಗುತ್ತಾರೆ.

ಇದು ಯಾವುದೋ ಒಂದು ಡೇಟಾಬೇಸ್‌ನ ದೋಷ ಅಲ್ಲ. ಎಸ್‌ಕ್ಯುಎಲ್‌ನ ನಿಯಮವೇ ಹೀಗಿದೆ. ಸಬ್‌ಕ್ವೆರಿಯೊಳಗೆ ಬರೀ ಕಾಲಂ ಹೆಸರು ಬರೆದರೆ, ಡೇಟಾಬೇಸ್ ಮೊದಲು ಅದೇ ಸಬ್‌ಕ್ವೆರಿಯ ಫ್ರಮ್‌ನಲ್ಲಿರುವ ಟೇಬಲ್‌ಗಳಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಒಂದು ಸುತ್ತು ಹೊರಗೆ ಬಂದು ಹುಡುಕುತ್ತದೆ. ಅಲ್ಲೂ ಇಲ್ಲದಿದ್ದರೆ ಇನ್ನೊಂದು ಸುತ್ತು ಹೊರಗೆ. ಯಾವ ಸುತ್ತಿನಲ್ಲೂ ಸಿಗದಿದ್ದಾಗ ಮಾತ್ರ ಎರರ್ ಕೊಡುತ್ತದೆ. ಮೇಲಿನ ಕ್ವೆರಿಯಲ್ಲಿ ಸದಸ್ಯ_ಐಡಿ ಹೊರಗಿನ 'ಸದಸ್ಯರು' ಟೇಬಲ್‌ನಲ್ಲಿ ಸಿಕ್ಕಿಬಿಟ್ಟಿತು. ಹಾಗಾಗಿ ಪ್ರತಿ ಸಾಲಿನಲ್ಲೂ ನಡೆಯುವುದು 'ಸದಸ್ಯ_ಐಡಿ ತನಗೆ ತಾನೇ ಸಮವೇ?' ಅನ್ನುವ ಹೋಲಿಕೆ. ಐಡಿ ಇರುವ ಸಾಲಿನಲ್ಲಿ ಉತ್ತರ ಯಾವಾಗಲೂ ಹೌದು.

ನಿಯಮ ಓದುವುದಕ್ಕೆ ಸುಲಭ. ಕೆಲಸ ಮಾಡುವಾಗ ಕೈಕೊಡುವುದು ಇದೇ ಜಾಗದಲ್ಲಿ, ಯಾಕೆಂದರೆ ಹೆಸರು ಎಲ್ಲಿ ಸಿಕ್ಕಿತು ಅಂತ ಡೇಟಾಬೇಸ್ ತಾನಾಗಿ ಹೇಳುವುದಿಲ್ಲ. ಅದನ್ನು ನಾವೇ ಬಾಯಿಬಿಡಿಸಬೇಕು. ಮುಂದೆ ಇರುವುದು ಅದರ ದಾರಿ.

ಶುರು ಮಾಡುವ ಮುಂಚೆ

ಇಲ್ಲಿ ಎಸ್‌ಕ್ಯುಎಲ್ ಪದಗಳನ್ನು ಓದಲು ಅನುಕೂಲ ಆಗಲಿ ಎಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಸೆಲೆಕ್ಟ್, ಫ್ರಮ್, ವೇರ್ ಮುಂತಾದವನ್ನು ನೀವು ಎಂದಿನಂತೆ ಟೈಪ್ ಮಾಡಿ. ಟೇಬಲ್ ಮತ್ತು ಕಾಲಂ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಬಹುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಎಸ್‌ಕ್ಯುಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ಗಳು ಮೂರೂ ಕನ್ನಡ ಹೆಸರುಗಳನ್ನು ಕೋಟ್ ಚಿಹ್ನೆ ಇಲ್ಲದೆಯೇ ಒಪ್ಪುತ್ತವೆ. ಉದ್ದದ ಕಡೆ ಸ್ವಲ್ಪ ಗಮನ ಇರಲಿ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಚಿಹ್ನೆಗಳಾಗಿ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಹೆಚ್ಚೆಂದರೆ 21 ಚಿಹ್ನೆ.

ಇನ್ನೊಂದು ಎಚ್ಚರ. ಅರ್ಧಾಕ್ಷರ ಬಿಡಿಸಿ ತೋರಿಸಲು ಕನ್ನಡ ಕೀಬೋರ್ಡ್‌ಗಳು ಸೇರಿಸುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ. ಅದು ಒಂದು ಹೆಸರಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ನೋಡಲು ಹೆಚ್ಚುಕಡಿಮೆ ಒಂದೇ ಆದರೂ ಡೇಟಾಬೇಸ್ ಪಾಲಿಗೆ ಅವು ಎರಡು ಬೇರೆ ಹೆಸರುಗಳು. ಇವತ್ತಿನ ವಿಷಯಕ್ಕೆ ಇದು ನೇರವಾಗಿ ಸಂಬಂಧಪಟ್ಟದ್ದು. ಒಳಗಿನ ಟೇಬಲ್‌ನಲ್ಲಿ ಹೆಸರು ಹೊಂದದೆ ಹೋದರೆ ಹುಡುಕಾಟ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ಪರೀಕ್ಷೆಗೆ ಒತ್ತು ಕಡಿಮೆ ಇರುವ, ಸರಳ ಹೆಸರುಗಳೇ ವಾಸಿ.

ಕೆಲಸದ ಡೇಟಾಬೇಸ್‌ನಲ್ಲಿ ಇದನ್ನೆಲ್ಲ ಮಾಡಬೇಡಿ. ಎಸ್‌ಕ್ಯುಲೈಟ್ ಆದರೆ ಮೆಮೊರಿಯಲ್ಲೇ ಒಂದು ಡೇಟಾಬೇಸ್ ತೆರೆಯಿರಿ, ಮುಚ್ಚಿದ ತಕ್ಷಣ ಅದು ಮಾಯ. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಆದರೆ ಪರೀಕ್ಷೆಗೆಂದೇ ಹೊಸ ಡೇಟಾಬೇಸ್ ಮಾಡಿಕೊಳ್ಳಿ. ನೀವು ಕೆಲಸದಲ್ಲಿ ಬಳಸುವ ಅದೇ ಸಾಫ್ಟ್‌ವೇರ್, ಅದೇ ಆವೃತ್ತಿ ಇರಬೇಕು. ಮುಂದೆ ನೋಡುವ ಹಾಗೆ, ಕೆಲವು ಕಡೆ ಒಂದೊಂದು ಡೇಟಾಬೇಸ್ ಒಂದೊಂದು ಉತ್ತರ ಕೊಡುತ್ತದೆ.

ಹಂತ 1: ತನ್ನ ವಿಳಾಸ ತಾನೇ ಹೇಳುವ ಡೇಟಾ

ಇದೇ ಇಡೀ ವಿಧಾನದ ಬುನಾದಿ. ಪರೀಕ್ಷೆಗೆ 1, 2, 3 ಅಂತ ಸುಮ್ನೆ ಸಂಖ್ಯೆ ತುಂಬಿದರೆ, ಬಂದ 2 ಯಾವ ಟೇಬಲ್‌ನಿಂದ ಬಂತು ಅಂತ ಗೊತ್ತಾಗುವುದಿಲ್ಲ. ಅದರ ಬದಲು ಪ್ರತಿ ಕೋಶದಲ್ಲೂ ಅದರ ಟೇಬಲ್ ಮತ್ತು ಕಾಲಂ ಹೆಸರನ್ನೇ ಬರೆದಿಡಿ. ಲಕೋಟೆಯ ಹಿಂದೆ ಕಳಿಸಿದವರ ವಿಳಾಸ ಇರುವ ಹಾಗೆ, ಉತ್ತರ ಬಂದ ಕೂಡಲೇ ಅದರ ಊರು ಗೊತ್ತಾಗುತ್ತದೆ.

ಮೂರು ಟೇಬಲ್ ಸಾಕು. ಕಾಲಂಗಳೆಲ್ಲ ವಾರ್‌ಚಾರ್(100), ಅಂದರೆ ಪಠ್ಯ ಹಿಡಿಯುವಂಥವು.

ಹೊರ: ಎಲ್ಲ, ಜೋಡಿ, ಹೊರಮಾತ್ರ
ನಡು: ಎಲ್ಲ, ಜೋಡಿ, ನಡುಮಾತ್ರ
ಒಳ: ಎಲ್ಲ, ಒಳಮಾತ್ರ

'ಎಲ್ಲ' ಅನ್ನುವ ಕಾಲಂ ಮೂರರಲ್ಲೂ ಇದೆ. 'ಜೋಡಿ' ಎರಡರಲ್ಲಿ ಮಾತ್ರ. ಉಳಿದವು ಒಂದೊಂದರಲ್ಲಿ. ಹೆಸರು ಎಲ್ಲಿ ಎಲ್ಲಿ ಇರಬಹುದು ಅನ್ನುವುದರ ಮುಖ್ಯ ಸಂದರ್ಭಗಳೆಲ್ಲ ಇದರಲ್ಲಿ ಬಂದುಬಿಡುತ್ತವೆ. ಈಗ ಒಂದೊಂದು ಟೇಬಲ್‌ಗೆ ಒಂದೊಂದೇ ಸಾಲು ಹಾಕಿ.

ಇನ್ಸರ್ಟ್ ಇಂಟು ಹೊರ ವ್ಯಾಲ್ಯೂಸ್ ('ಹೊರ.ಎಲ್ಲ', 'ಹೊರ.ಜೋಡಿ', 'ಹೊರ.ಹೊರಮಾತ್ರ')
ಇನ್ಸರ್ಟ್ ಇಂಟು ನಡು ವ್ಯಾಲ್ಯೂಸ್ ('ನಡು.ಎಲ್ಲ', 'ನಡು.ಜೋಡಿ', 'ನಡು.ನಡುಮಾತ್ರ')
ಇನ್ಸರ್ಟ್ ಇಂಟು ಒಳ ವ್ಯಾಲ್ಯೂಸ್ ('ಒಳ.ಎಲ್ಲ', 'ಒಳ.ಒಳಮಾತ್ರ')

ಸ್ಟ್ರಿಂಗ್‌ಗಳಿಗೆ, ಅಂದರೆ ಪಠ್ಯದ ಮೌಲ್ಯಗಳಿಗೆ, ಒಂಟಿ ಕೋಟ್ ಚಿಹ್ನೆಯನ್ನೇ ಹಾಕಿ. ಜೋಡಿ ಕೋಟ್ ಚಿಹ್ನೆಯ ಕಥೆಯೇ ಬೇರೆ, ಅದಕ್ಕೆ ಆಮೇಲೆ ಬರೋಣ.

ಹಂತ 2: ಒಳಗಿನಿಂದ ಹೊರಗೆ

ಈ ಕ್ವೆರಿಯನ್ನು ಅಚ್ಚಿನ ಹಾಗೆ ಬಳಸಿ. ಬದಲಾಗುವುದು ಒಳಗಿನ ಒಂದೇ ಒಂದು ಹೆಸರು.

ಸೆಲೆಕ್ಟ್ (ಸೆಲೆಕ್ಟ್ (ಸೆಲೆಕ್ಟ್ ಎಲ್ಲ ಫ್ರಮ್ ಒಳ) ಫ್ರಮ್ ನಡು) ಫ್ರಮ್ ಹೊರ

ಉತ್ತರ 'ಒಳ.ಎಲ್ಲ'. ಮೂರು ಕಡೆ ಇದ್ದರೂ ಹತ್ತಿರದ್ದೇ ಗೆದ್ದಿತು. ಹೆಸರು ಮೂರು ಕಡೆ ಇದೆ ಅಂತ ಗೊಂದಲದ ಎರರ್ ಬರಲಿಲ್ಲ ಅನ್ನುವುದನ್ನೂ ಗಮನಿಸಿ. ಒಳಗೆ ಸಿಕ್ಕ ಮೇಲೆ ಡೇಟಾಬೇಸ್ ಹೊರಗೆ ನೋಡುವುದೇ ಇಲ್ಲ.

'ಎಲ್ಲ' ಬದಲು 'ಜೋಡಿ' ಹಾಕಿ. ಉತ್ತರ 'ನಡು.ಜೋಡಿ'. ಒಳಗೆ ಇರಲಿಲ್ಲ, ಒಂದು ಸುತ್ತು ಹೊರಗೆ ಸಿಕ್ಕಿತು, ಅಲ್ಲೇ ನಿಂತಿತು.

'ಹೊರಮಾತ್ರ' ಹಾಕಿ. ಎರಡು ಸುತ್ತು ದಾಟಿ 'ಹೊರ.ಹೊರಮಾತ್ರ' ಬರುತ್ತದೆ. ಒರಾಕಲ್ ಬಳಸುವವರು ಇದನ್ನು ತಪ್ಪದೆ ಓಡಿಸಿ ನೋಡಿ. ಅದರ ಹಳೆಯ ಆವೃತ್ತಿಗಳ ದಾಖಲೆ, ಸಬ್‌ಕ್ವೆರಿಯು ತನಗಿಂತ ಒಂದು ಮಟ್ಟ ಮೇಲಿನ ಟೇಬಲ್‌ನ ಕಾಲಂ ಬಳಸುವ ಬಗ್ಗೆ ಮಾತ್ರ ಹೇಳುತ್ತಿತ್ತು.

ಕೊನೆಗೆ, ಎಲ್ಲೂ ಇಲ್ಲದ ಒಂದು ಹೆಸರು ಹಾಕಿ. ಈಗ ಎರರ್ ಬರಲೇಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಅದರ ಸಂಕೇತ 42703, ಮೈಎಸ್‌ಕ್ಯುಎಲ್‌ನಲ್ಲಿ 1054, ಎಸ್‌ಕ್ಯುಎಲ್ ಸರ್ವರ್‌ನಲ್ಲಿ 207, ಒರಾಕಲ್‌ನಲ್ಲಿ 00904. ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಪರೀಕ್ಷೆಗಳನ್ನು ಸ್ಕ್ರಿಪ್ಟ್‌ನಲ್ಲಿ ಓಡಿಸುವಾಗ ಎರರ್‌ನ ವಾಕ್ಯವನ್ನು ಹೋಲಿಸುವುದಕ್ಕಿಂತ ಸಂಕೇತ ಹೋಲಿಸುವುದು ಗಟ್ಟಿ. ವಾಕ್ಯ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು.

ಹಂತ 3: ಒಂದೇ ಸುತ್ತಿನಲ್ಲಿ ಇಬ್ಬರು ಸಿಕ್ಕರೆ

ಸೆಲೆಕ್ಟ್ (ಸೆಲೆಕ್ಟ್ (ಸೆಲೆಕ್ಟ್ ಜೋಡಿ ಫ್ರಮ್ ಒಳ) ಫ್ರಮ್ ನಡು ನ1, ನಡು ನ2) ಫ್ರಮ್ ಹೊರ

ನ1, ನ2 ಅನ್ನುವುವು 'ನಡು' ಟೇಬಲ್‌ಗೆ ಈ ಕ್ವೆರಿಯಲ್ಲಿ ಮಾತ್ರ ಇಟ್ಟ ಅಡ್ಡಹೆಸರುಗಳು, ಅಂದರೆ ಅಲಿಯಾಸ್. ಒಳಗೆ 'ಜೋಡಿ' ಇಲ್ಲ. ನಡುವಿನ ಸುತ್ತಿನಲ್ಲಿ ಎರಡು ಕಡೆ ಇದೆ. ಇಲ್ಲಿ ಹೆಸರು ಅಸ್ಪಷ್ಟ ಅನ್ನುವ ಎರರ್ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 42702, ಮೈಎಸ್‌ಕ್ಯುಎಲ್‌ನಲ್ಲಿ 1052. ಹೊರಗಿನ ಟೇಬಲ್‌ನಲ್ಲಿ ಒಂದೇ ಒಂದು 'ಜೋಡಿ' ಇದೆಯಲ್ಲ, ಅದನ್ನೇ ತೆಗೆದುಕೊಳ್ಳೋಣ ಅಂತ ಡೇಟಾಬೇಸ್ ಮುಂದೆ ಹೋಗುವುದಿಲ್ಲ. ಅದೇ ಕ್ವೆರಿಯಲ್ಲಿ 'ಜೋಡಿ' ಬದಲು 'ಎಲ್ಲ' ಹಾಕಿದರೆ ಎರರ್ ಇಲ್ಲದೆ 'ಒಳ.ಎಲ್ಲ' ಬರುತ್ತದೆ. ಗೊಂದಲ ಹೊರಗಿನ ಸುತ್ತಿನಲ್ಲಿದ್ದರೂ ಒಳಗೇ ಉತ್ತರ ಸಿಕ್ಕಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಈ ಎರರ್ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಹೆಸರಿನ ವಿಷಯದಲ್ಲಿ ಡೇಟಾಬೇಸ್ ಬಾಯಿಬಿಟ್ಟು ಮಾತಾಡುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು.

ಹಂತ 4: ಫ್ರಮ್‌ನೊಳಗಿನ ಸಬ್‌ಕ್ವೆರಿ

ವೇರ್ ಅಥವಾ ಸೆಲೆಕ್ಟ್ ಪಟ್ಟಿಯಲ್ಲಿ ಬರುವ ಸಬ್‌ಕ್ವೆರಿ ಒಂದು ಬಗೆ. ಫ್ರಮ್‌ನಲ್ಲಿ ಟೇಬಲ್‌ನಂತೆ ಕೂರುವ ಸಬ್‌ಕ್ವೆರಿ ಇನ್ನೊಂದು ಬಗೆ. ಎರಡನೆಯದು ತನ್ನ ಪಕ್ಕದಲ್ಲಿರುವ ಟೇಬಲ್‌ಗಳನ್ನು ನೋಡಲಾರದು.

ಸೆಲೆಕ್ಟ್ * ಫ್ರಮ್ ಹೊರ ಹ, (ಸೆಲೆಕ್ಟ್ ಹ.ಎಲ್ಲ ಆ್ಯಸ್ ತಂದದ್ದು ಫ್ರಮ್ ನಡು) ನ

ಇದು ಎರರ್. ಪೋಸ್ಟ್‌ಗ್ರೆಸ್ ಜೊತೆಗೆ ಒಂದು ಸುಳಿವೂ ಕೊಡುತ್ತದೆ: ಆ ಹೆಸರಿನ ಟೇಬಲ್ ಇದೆ, ಆದರೆ ಕ್ವೆರಿಯ ಈ ಭಾಗದಿಂದ ಅದನ್ನು ಕರೆಯಲಾಗದು ಅಂತ. ಸಬ್‌ಕ್ವೆರಿಯ ಮುಂದೆ ಲ್ಯಾಟರಲ್ ಪದ ಸೇರಿಸಿದರೆ ಎಡಗಡೆಯ ಟೇಬಲ್ ಕಾಣತೊಡಗುತ್ತದೆ. ಇದು ಪೋಸ್ಟ್‌ಗ್ರೆಸ್‌ಗೆ 9.3ರಲ್ಲಿ, ಮೈಎಸ್‌ಕ್ಯುಎಲ್‌ಗೆ 8.0.14ರಲ್ಲಿ ಬಂತು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಈ ಕೆಲಸಕ್ಕೆ ಕ್ರಾಸ್ ಅಪ್ಲೈ ಇದೆ.

ಇದಕ್ಕಿಂತ ಜಾಸ್ತಿ ಅಪಾಯದ್ದು ಇದರ ತಿರುವುಮುರುವು. ಫ್ರಮ್‌ನೊಳಗಿನ ಸಬ್‌ಕ್ವೆರಿ ತನ್ನ ಸೆಲೆಕ್ಟ್ ಪಟ್ಟಿಯಲ್ಲಿ ಕೊಟ್ಟ ಕಾಲಂಗಳು ಮಾತ್ರ ಹೊರಗೆ ಕಾಣುತ್ತವೆ. ಬಿಟ್ಟದ್ದು ಕಾಣುವುದಿಲ್ಲ. ಒಂದು ಕಾಲಂ ಹೊರಗೆ ಕೊಡಲು ಮರೆತರೆ ಏನಾಗುತ್ತದೆ ನೋಡಿ.

ಸೆಲೆಕ್ಟ್ (ಸೆಲೆಕ್ಟ್ ಜೋಡಿ ಫ್ರಮ್ (ಸೆಲೆಕ್ಟ್ ಎಲ್ಲ ಫ್ರಮ್ ನಡು) ನ) ಫ್ರಮ್ ಹೊರ

ಬರೆದವರಿಗೆ ಬೇಕಾಗಿದ್ದದ್ದು 'ನಡು' ಟೇಬಲ್‌ನ ಜೋಡಿ. ಬಂದದ್ದು 'ಹೊರ.ಜೋಡಿ'. ದೊಡ್ಡ ರಿಪೋರ್ಟ್ ಕ್ವೆರಿಯಲ್ಲಿ ಯಾರೋ ಒಳಗಿನ ಸೆಲೆಕ್ಟ್ ಪಟ್ಟಿಯನ್ನು ಚೊಕ್ಕ ಮಾಡಲು ಹೋಗಿ 'ಬೇಡದ' ಒಂದು ಕಾಲಂ ತೆಗೆಯುತ್ತಾರೆ. ಕ್ವೆರಿ ಓಡುತ್ತಲೇ ಇರುತ್ತದೆ. ಲೆಕ್ಕ ಮಾತ್ರ ಬೇರೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಕಣ್ಣಿಗೆ ಬೀಳುವುದು ಅತಿ ಕಷ್ಟವಾದ ತಪ್ಪು ಇದೇ. ಯಾಕೆಂದರೆ ಬದಲಾವಣೆ ಒಂದು ಕಡೆ, ಪರಿಣಾಮ ಇನ್ನೊಂದು ಕಡೆ.

ಹಂತ 5: ಅಲಿಯಾಸ್ ಒಂದೇ ಆದರೆ

ಸೆಲೆಕ್ಟ್ (ಸೆಲೆಕ್ಟ್ ಅ.ಹೊರಮಾತ್ರ ಫ್ರಮ್ ಒಳ ಅ) ಫ್ರಮ್ ಹೊರ ಅ

ಹೊರಗೂ 'ಅ', ಒಳಗೂ 'ಅ'. ಪೋಸ್ಟ್‌ಗ್ರೆಸ್ ಮೊದಲು 'ಅ' ಯಾರು ಅಂತ ತೀರ್ಮಾನ ಮಾಡುತ್ತದೆ. ಹತ್ತಿರದ 'ಅ' ಅಂದರೆ ಒಳ ಟೇಬಲ್. ಅದರಲ್ಲಿ ಹೊರಮಾತ್ರ ಇಲ್ಲ, ಎರರ್. ಎಸ್‌ಕ್ಯುಲೈಟ್ ಹಾಗಲ್ಲ. ಅದು ಅಲಿಯಾಸ್ ಮತ್ತು ಕಾಲಂ ಎರಡೂ ಒಟ್ಟಿಗೆ ಹೊಂದುವ ಜಾಗ ಹುಡುಕುತ್ತದೆ. ಒಳಗೆ ಹೊಂದದಿದ್ದರೆ ಹೊರಗೆ ಹೋಗುತ್ತದೆ, 'ಹೊರ.ಹೊರಮಾತ್ರ' ತಂದುಕೊಡುತ್ತದೆ. ಹಾಗಾಗಿ ಎಸ್‌ಕ್ಯುಲೈಟ್‌ನಲ್ಲಿ ಪಾಸಾದ ಕ್ವೆರಿ ಪೋಸ್ಟ್‌ಗ್ರೆಸ್‌ಗೆ ಹೋದಾಗ ಬೀಳಬಹುದು. ಮನೆಯ ಕಂಪ್ಯೂಟರ್‌ನಲ್ಲಿ ಒಂದು, ಸರ್ವರ್‌ನಲ್ಲಿ ಇನ್ನೊಂದು ಡೇಟಾಬೇಸ್ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ಎರಡೂ ಕಡೆ ಓಡಿಸಿ ನೋಡಲೇಬೇಕು.

ಅಲಿಯಾಸ್ ಕೊಟ್ಟ ಮೇಲೆ ಟೇಬಲ್‌ನ ಮೂಲ ಹೆಸರು ಆ ಕ್ವೆರಿಯಲ್ಲಿ ನಡೆಯುವುದಿಲ್ಲ ಅನ್ನುವುದನ್ನೂ ಒಮ್ಮೆ ಪರೀಕ್ಷಿಸಿ. 'ಫ್ರಮ್ ಹೊರ ಹ' ಎಂದು ಬರೆದು ಹೊರ.ಎಲ್ಲ ಕೇಳಿದರೆ ಎರರ್ ಬರಬೇಕು.

ಹಂತ 6: ಇನ್ ಮತ್ತು ನಾಟ್ ಇನ್

ಈಗ ಮೊದಲಿನ ಉದಾಹರಣೆಗೆ ಹೋಗೋಣ. 'ಸದಸ್ಯರು' ಟೇಬಲ್‌ನಲ್ಲಿ ನಾಲ್ಕು ಸಾಲು ಹಾಕಿ. ಸದಸ್ಯ_ಐಡಿ 1, 2, 3, ಮತ್ತು ಒಂದು ನಲ್, ಅಂದರೆ ಮೌಲ್ಯವೇ ಇಲ್ಲದ ಕೋಶ. 'ಬಿಟ್ಟವರು' ಟೇಬಲ್‌ನಲ್ಲಿ ಐಡಿ ಕಾಲಂ ಮಾತ್ರ, ಅದರಲ್ಲಿ 2 ಒಂದೇ. ಡಿಲೀಟ್ ಬೇಡ, ಎಣಿಕೆ ಸಾಕು.

ಸೆಲೆಕ್ಟ್ ಕೌಂಟ್(*) ಫ್ರಮ್ ಸದಸ್ಯರು
ವೇರ್ ಸದಸ್ಯ_ಐಡಿ ಇನ್ (ಸೆಲೆಕ್ಟ್ ಸದಸ್ಯ_ಐಡಿ ಫ್ರಮ್ ಬಿಟ್ಟವರು)

ಬರಬೇಕಾದದ್ದು 1, ಬರುವುದು 3. ನಲ್ ಇರುವ ಸಾಲು ಮಾತ್ರ ಬಿಟ್ಟುಹೋಗುತ್ತದೆ, ಏಕೆಂದರೆ ನಲ್ ತನಗೆ ತಾನೂ ಸಮ ಅಲ್ಲ.

ಇದೇ ಕ್ವೆರಿಯನ್ನು ನಾಟ್ ಇನ್ ಮಾಡಿ. ಉತ್ತರ 0. ಯಾರೂ ಇಲ್ಲ! ಇಲ್ಲಿ ತಪ್ಪು ಹಿಡಿಯುವುದು ಇನ್ನೂ ಕಷ್ಟ. ಖಾಲಿ ಉತ್ತರ ನೋಡಿದವರು 'ಸರಿ, ಯಾರೂ ಉಳಿದಿಲ್ಲ' ಅಂದುಕೊಂಡು ಮುಂದೆ ಹೋಗುತ್ತಾರೆ.

ಈಗ 'ಬಿಟ್ಟವರು' ಟೇಬಲ್ ಖಾಲಿ ಮಾಡಿ ಎರಡನ್ನೂ ಮತ್ತೆ ಓಡಿಸಿ. ಇನ್‌ಗೆ 0, ನಾಟ್ ಇನ್‌ಗೆ 4. ಕಾಲಂ ಹೆಸರು ಸರಿಯಾಗಿ ಬರೆದಿದ್ದರೂ ಇವೇ ಉತ್ತರ ಬರುತ್ತಿದ್ದವು. ಅಂದರೆ ಒಳಗಿನ ಟೇಬಲ್ ಖಾಲಿ ಇದ್ದಾಗ ತಪ್ಪು ಕ್ವೆರಿಯೂ ಸರಿ ಕ್ವೆರಿಯೂ ಒಂದೇ ಥರ ಕಾಣುತ್ತವೆ. ಹೊಸದಾಗಿ ಮಾಡಿದ ಟೇಬಲ್, ಇನ್ನೂ ಡೇಟಾ ತುಂಬಿಲ್ಲ, ಕ್ವೆರಿ ಓಡಿತು, ಎರರ್ ಇಲ್ಲ, ಸರಿ ಅಂತ ಕಳಿಸಿಬಿಟ್ಟರೆ ಮೊದಲ ಸಾಲು ಸೇರಿದ ದಿನ ಅನಾಹುತ. ಒಳಗಿನ ಟೇಬಲ್‌ನಲ್ಲಿ ಕನಿಷ್ಠ ಒಂದು ಸಾಲು, ಹೊರಗೆ ಅದಕ್ಕೆ ಹೊಂದುವ ಒಂದು ಸಾಲು ಮತ್ತು ಹೊಂದದ ಒಂದು ಸಾಲು. ಪರೀಕ್ಷೆಯ ಡೇಟಾ ಇದಕ್ಕಿಂತ ಕಡಿಮೆ ಇರಬಾರದು.

ಅತಿ ಸುಲಭವಾದ ತಪಾಸಣೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬ್ರಾಕೆಟ್ ಒಳಗಿನದನ್ನು ಮಾತ್ರ ಆಯ್ದು ಪ್ರತ್ಯೇಕವಾಗಿ ಓಡಿಸಿ. ಹೊರಗಿನ ಟೇಬಲ್ ಈಗ ಇಲ್ಲವಾದ್ದರಿಂದ ಸದಸ್ಯ_ಐಡಿ ಸಿಗುವುದಿಲ್ಲ, ಎರರ್ ಬರುತ್ತದೆ. ಹೊರಗಿನ ಕಾಲಂ ಬೇಕಂತಲೇ ಬಳಸದ ಸಬ್‌ಕ್ವೆರಿ ಒಂಟಿಯಾಗಿ ಓಡಲೇಬೇಕು. ಓಡದಿದ್ದರೆ ಹೆಸರು ಎಲ್ಲೋ ಹೊರಗೆ ಹೋಗಿದೆ ಎಂದರ್ಥ.

ಹಂತ 7: ಡೇಟಾಬೇಸ್‌ನ ಬಾಯಿಂದಲೇ ಕೇಳುವುದು

ಡೇಟಾ ನೋಡಿ ಊಹಿಸುವುದು ಒಂದು ದಾರಿ. ಕ್ವೆರಿಯನ್ನು ಡೇಟಾಬೇಸ್ ಹೇಗೆ ಅರ್ಥ ಮಾಡಿಕೊಂಡಿದೆ ಅಂತ ನೇರವಾಗಿ ಓದುವುದು ಇನ್ನೊಂದು. ಕೆಲಸದ ದೊಡ್ಡ ಕ್ವೆರಿಗಳಿಗೆ ಎರಡನೆಯದೇ ಹೆಚ್ಚು ಉಪಯೋಗ.

ಮೈಎಸ್‌ಕ್ಯುಎಲ್‌ನಲ್ಲಿ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಹಾಕಿ ಓಡಿಸಿ. ಆಮೇಲೆ ಶೋ ವಾರ್ನಿಂಗ್ಸ್ ಕೊಡಿ. ಸಂಕೇತ 1276 ಇರುವ ಒಂದು ಟಿಪ್ಪಣಿ ಬಂದರೆ ಅದನ್ನು ಗಮನವಿಟ್ಟು ಓದಿ. ಸೆಲೆಕ್ಟ್ #2ರಲ್ಲಿ ಇರುವ ಇಂಥ ಕಾಲಂ ಸೆಲೆಕ್ಟ್ #1ರಲ್ಲಿ ಸಿಕ್ಕಿದೆ ಎಂದು ಅದು ಹೇಳುತ್ತದೆ, ಟೇಬಲ್ ಹೆಸರಿನ ಸಮೇತ. ನಮಗೆ ಬೇಕಾಗಿದ್ದ ಮಾತು ಇದೇ. ಜೊತೆಗೆ 1003 ಸಂಕೇತದ ಟಿಪ್ಪಣಿಯಲ್ಲಿ ಡೇಟಾಬೇಸ್ ಬದಲಿಸಿ ಬರೆದುಕೊಂಡ ಕ್ವೆರಿ ಇರುತ್ತದೆ, ಪ್ರತಿ ಕಾಲಮ್ಮಿಗೂ ಟೇಬಲ್ ಹೆಸರು ಹಚ್ಚಿ.

ಪೋಸ್ಟ್‌ಗ್ರೆಸ್‌ನಲ್ಲಿ ನನಗೆ ಇಷ್ಟವಾದ ಉಪಾಯ ತಾತ್ಕಾಲಿಕ ವ್ಯೂ, ಅಂದರೆ ಹೆಸರು ಕೊಟ್ಟು ಇಟ್ಟುಕೊಂಡ ಕ್ವೆರಿ. ಅನುಮಾನ ಇರುವ ಸೆಲೆಕ್ಟ್‌ನ ಮುಂದೆ 'ಕ್ರಿಯೇಟ್ ಟೆಂಪ್ ವ್ಯೂ ಪರೀಕ್ಷೆ ಆ್ಯಸ್' ಸೇರಿಸಿ. ನಂತರ ಪಿಜಿ_ಗೆಟ್_ವ್ಯೂಡೆಫ್ ಫಂಕ್ಷನ್‌ಗೆ ಆ ವ್ಯೂ ಹೆಸರು ಕೊಟ್ಟು ಅದರ ವ್ಯಾಖ್ಯೆ ಓದಿ. ವ್ಯೂ ಮಾಡುವಾಗಲೇ ಹೆಸರುಗಳೆಲ್ಲ ತೀರ್ಮಾನ ಆಗಿರುತ್ತವೆ. ನೀವು ಬರೀ ಸದಸ್ಯ_ಐಡಿ ಎಂದು ಬರೆದಿದ್ದ ಜಾಗದಲ್ಲಿ, ಸಬ್‌ಕ್ವೆರಿಯೊಳಗೆ ಹೀಗೆ ಕಾಣುತ್ತದೆ:

ಸೆಲೆಕ್ಟ್ ಸದಸ್ಯರು.ಸದಸ್ಯ_ಐಡಿ ಫ್ರಮ್ ಬಿಟ್ಟವರು

ಒಂದು ಟೇಬಲ್‌ನಿಂದ ತರುತ್ತಿದ್ದೇವೆ, ಕಾಲಂ ಇನ್ನೊಂದು ಟೇಬಲ್‌ದು. ಹೀಗೆ ಬರೆದು ತೋರಿಸಿದ ಮೇಲೆ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಎಕ್ಸ್‌ಪ್ಲೇನ್ ವರ್ಬೋಸ್ ಕೂಡ ಕಾಲಂಗಳನ್ನು ಟೇಬಲ್ ಹೆಸರಿನ ಜೊತೆ ತೋರಿಸುತ್ತದೆ. ಆದರೆ ಅದು ಓಡಿಸುವ ಯೋಜನೆಯ ರೂಪದಲ್ಲಿರುತ್ತದೆ, ಕ್ವೆರಿಯ ರೂಪದಲ್ಲಿ ಅಲ್ಲ. ವ್ಯೂ ಓದುವುದು ಹಗುರ.

ಎಸ್‌ಕ್ಯುಲೈಟ್‌ನಲ್ಲಿ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಹಾಕಿ ನೋಡಿ. ಒಳಗಿನ ಪಟ್ಟಿ ಹೊರಗಿನ ಸಾಲನ್ನು ನೆಚ್ಚಿಕೊಂಡಿದ್ದರೆ 'ಕೋರಿಲೇಟೆಡ್ ಲಿಸ್ಟ್ ಸಬ್‌ಕ್ವೆರಿ' ಅನ್ನುವ ಸಾಲು ಬರುತ್ತದೆ. ಮೊದಲ ಪದ ಇರಬಾರದ ಜಾಗದಲ್ಲಿ ಇದ್ದರೆ ಹೆಸರು ಹೊರಗೆ ಜಾರಿದೆ.

ಹಂತ 8: ಜೋಡಿ ಕೋಟ್ ಚಿಹ್ನೆ

ಕಾಲಂ ಹೆಸರನ್ನು ಜೋಡಿ ಕೋಟ್ ಚಿಹ್ನೆಯೊಳಗೆ ಹಾಕುವ ಅಭ್ಯಾಸ ಇದ್ದವರು ಇದನ್ನು ಬಿಡಬೇಡಿ. ಎಸ್‌ಕ್ಯುಲೈಟ್‌ನಲ್ಲಿ ಹಾಗೆ ಬರೆದ ಹೆಸರಿನ ಕಾಲಂ ಎಲ್ಲೂ ಸಿಗದಿದ್ದರೆ, ಎರರ್ ಕೊಡುವ ಬದಲು ಅದನ್ನು ಒಂದು ಸ್ಟ್ರಿಂಗ್ ಎಂದು ತಿಳಿದುಕೊಳ್ಳುತ್ತದೆ. ಹಂತ 2ರ ಕೊನೆಯ ಪರೀಕ್ಷೆಯನ್ನು, ಎಲ್ಲೂ ಇಲ್ಲದ ಹೆಸರಿನದ್ದನ್ನು, ಜೋಡಿ ಕೋಟ್ ಹಾಕಿ ಓಡಿಸಿ. ಎರರ್ ಬದಲು ನೀವು ಬರೆದ ಹೆಸರೇ ಉತ್ತರವಾಗಿ ಬಂದರೆ ಈ ಗುಣ ಚಾಲೂ ಇದೆ ಅಂತ ಅರ್ಥ. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಎಸ್‌ಕ್ಯುಲೈಟ್‌ನವರು ಇದನ್ನು ಉಳಿಸಿಕೊಂಡಿದ್ದಾರೆ. 3.29.0 ಆವೃತ್ತಿಯಿಂದ ಇದನ್ನು ಆಫ್ ಮಾಡುವ ಸೆಟ್ಟಿಂಗ್ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ಎಎನ್‌ಎಸ್‌ಐ_ಕೋಟ್ಸ್ ಅನ್ನುವ ಸೆಟ್ಟಿಂಗ್ ಆನ್ ಮಾಡದ ಹೊರತು ಜೋಡಿ ಕೋಟ್ ಅಂದರೆ ಯಾವಾಗಲೂ ಸ್ಟ್ರಿಂಗ್. ಪೋಸ್ಟ್‌ಗ್ರೆಸ್‌ನಲ್ಲಿ ಯಾವಾಗಲೂ ಹೆಸರು.

ಹಂತ 9: ಕೌಂಟ್, ಸಮ್ ಯಾರಿಗೆ ಸೇರಿದ್ದು?

ಇಲ್ಲಿಯ ತನಕ ಕಾಲಂ ಮಾತ್ರ ಹೊರಗೆ ಹೋಗುತ್ತಿತ್ತು. ಕೌಂಟ್, ಸಮ್ ಥರದ ಫಂಕ್ಷನ್‌ಗಳೂ ಅದರ ಜೊತೆ ಹೊರಗೆ ಹೋಗಬಲ್ಲವು. ಇದು ಅನುಭವಸ್ಥರನ್ನೂ ಬೆರಗುಗೊಳಿಸುವ ಸಂಗತಿ. 'ಹೊರ' ಟೇಬಲ್‌ಗೆ ಇನ್ನೊಂದು ಸಾಲು ಸೇರಿಸಿ, ಈಗ ಅಲ್ಲಿ ಎರಡು ಸಾಲು. 'ಒಳ'ದಲ್ಲಿ ಒಂದೇ ಇರಲಿ. ಪೋಸ್ಟ್‌ಗ್ರೆಸ್‌ನಲ್ಲಿ ಇವೆರಡನ್ನೂ ಓಡಿಸಿ.

ಸೆಲೆಕ್ಟ್ (ಸೆಲೆಕ್ಟ್ ಕೌಂಟ್(ಒಳಮಾತ್ರ) ಫ್ರಮ್ ಒಳ) ಫ್ರಮ್ ಹೊರ
ಸೆಲೆಕ್ಟ್ (ಸೆಲೆಕ್ಟ್ ಕೌಂಟ್(ಹೊರಮಾತ್ರ) ಫ್ರಮ್ ಒಳ) ಫ್ರಮ್ ಹೊರ

ಮೊದಲನೆಯದು ಎರಡು ಸಾಲು ಕೊಡುತ್ತದೆ, ಪ್ರತಿಯೊಂದರಲ್ಲೂ 1. ಎರಡನೆಯದು ಒಂದೇ ಸಾಲು ಕೊಡುತ್ತದೆ, ಅದರಲ್ಲಿ 2. ಕೌಂಟ್ ಒಳಗೆ ಬರೆದಿದ್ದರೂ ಅದು ಎಣಿಸುತ್ತಿರುವುದು ಹೊರಗಿನ ಸಾಲುಗಳನ್ನು. ಫಂಕ್ಷನ್‌ಗೆ ಕೊಟ್ಟದ್ದೆಲ್ಲ ಹೊರಗಿನ ಕಾಲಂಗಳೇ ಆಗಿದ್ದರೆ ಫಂಕ್ಷನ್ ಕೂಡ ಆ ಹೊರಗಿನ ಕ್ವೆರಿಗೇ ಸೇರುತ್ತದೆ. ಆಗ ಹೊರಗಿನ ಕ್ವೆರಿ ಪೂರ್ತಿ ಒಂದು ಗುಂಪಾಗಿ ಒಂದೇ ಸಾಲಿಗೆ ಇಳಿಯುತ್ತದೆ. ಈಗ 'ಒಳ'ಕ್ಕೂ ಒಂದು ಸಾಲು ಜಾಸ್ತಿ ಮಾಡಿ ಎರಡನೆಯ ಕ್ವೆರಿ ಮತ್ತೆ ಓಡಿಸಿ. ಸಬ್‌ಕ್ವೆರಿ ಒಂದಕ್ಕಿಂತ ಹೆಚ್ಚು ಸಾಲು ಕೊಟ್ಟಿತು ಎಂಬ ಎರರ್ ಬರುತ್ತದೆ. ಒಳಗೆ ಎಣಿಕೆಯೇ ನಡೆಯದೆ, 'ಒಳ'ದ ಪ್ರತಿ ಸಾಲಿಗೂ ಅದೇ 2 ಬಂದಿದ್ದು ಅದಕ್ಕೆ ಕಾರಣ. ಕೌಂಟ್ ಇದ್ದರೆ ಒಂದೇ ಸಾಲು ಬರುತ್ತದೆ ಎಂದು ನಂಬಿದವರಿಗೆ ಈ ಎರರ್ ತಲೆಬುಡ ಅರ್ಥವಾಗುವುದಿಲ್ಲ. ಕಾರಣ ಗೊತ್ತಿದ್ದರೆ ಬಗೆಹರಿಸಲು ಅರೆಗಳಿಗೆ ಸಾಕು. ಬೇರೆ ಡೇಟಾಬೇಸ್ ಬಳಸುವವರು ಇದೇ ಜೋಡಿಯನ್ನು ಓಡಿಸಿ ಸಾಲುಗಳ ಸಂಖ್ಯೆ ಹೋಲಿಸಿ.

ಹಂತ 10: ನಾಳೆ ಟೇಬಲ್ ಬದಲಾದರೆ

ಇವತ್ತು ಸರಿ ಇರುವ ಕ್ವೆರಿ ನಾಳೆ ತಾನಾಗೇ ತಪ್ಪಾಗಬಹುದು. ಕ್ವೆರಿಯ ಒಂದಕ್ಷರವೂ ಬದಲಾಗಬೇಕಿಲ್ಲ. ಈ ಕ್ವೆರಿ ನೋಡಿ.

ಸೆಲೆಕ್ಟ್ (ಸೆಲೆಕ್ಟ್ ಜೋಡಿ ಫ್ರಮ್ ಒಳ) ಫ್ರಮ್ ಹೊರ

ಓಡಿಸುವ ಮುಂಚೆ ಹಂತ 9ರಲ್ಲಿ ಸೇರಿಸಿದ ಸಾಲುಗಳನ್ನು ಅಳಿಸಿಬಿಡಿ. ಉತ್ತರ 'ಹೊರ.ಜೋಡಿ'. ಈಗ ಆಲ್ಟರ್ ಟೇಬಲ್ ಬಳಸಿ 'ಒಳ' ಟೇಬಲ್‌ಗೆ 'ಜೋಡಿ' ಅನ್ನುವ ಹೊಸ ಕಾಲಂ ಸೇರಿಸಿ, ಏನೂ ತುಂಬಬೇಡಿ. ಅದೇ ಕ್ವೆರಿಗೆ ಈಗ ಉತ್ತರ ನಲ್. ಒಳಗೆ ಅದೇ ಹೆಸರು ಹುಟ್ಟಿಕೊಂಡಿತು, ಹೊರಗಿನದು ಮರೆಯಾಯಿತು. ಕಾಲಂ ಸೇರಿಸಿದವರು ಯಾರೋ, ಕ್ವೆರಿ ಬರೆದವರು ಯಾರೋ.

ಇದಕ್ಕೆ ಮದ್ದು ಒಂದೇ. ಸಬ್‌ಕ್ವೆರಿ ಇರುವ ಕಡೆ ಪ್ರತಿ ಕಾಲಮ್ಮಿಗೂ ಅಲಿಯಾಸ್ ಹಚ್ಚಿ. ಒಳಗೆ ಒಂದೇ ಟೇಬಲ್ ಇದ್ದರೂ ಹಚ್ಚಿ. ಪ್ರತಿ ಸುತ್ತಿಗೂ ಬೇರೆ ಅಲಿಯಾಸ್ ಇರಲಿ. ಹೊರ.ಜೋಡಿ ಎಂದು ಬರೆದಿದ್ದರೆ 'ಒಳ'ಕ್ಕೆ ಎಷ್ಟು ಕಾಲಂ ಸೇರಿದರೂ ಉತ್ತರ ಕದಲುವುದಿಲ್ಲ. 'ಬಿಟ್ಟವರು' ಟೇಬಲ್‌ಗೆ ಬಿ ಅನ್ನುವ ಅಲಿಯಾಸ್ ಕೊಟ್ಟು ಬಿ.ಸದಸ್ಯ_ಐಡಿ ಎಂದು ಬರೆದಿದ್ದರೆ ಮೊದಲಿನ ಡಿಲೀಟ್ ಎರರ್ ಕೊಟ್ಟು ನಿಲ್ಲುತ್ತಿತ್ತು. 'ಒಂದೇ ಟೇಬಲ್ ಇದೆ, ಅಲಿಯಾಸ್ ಯಾಕೆ ದಂಡಕ್ಕೆ' ಅನ್ನುವ ಮಾತು ಕೇಳಿದ್ದೇನೆ. ಅಲಿಯಾಸ್ ಅತಿ ಹೆಚ್ಚು ಬೇಕಾಗಿರುವುದು ಒಂದೇ ಟೇಬಲ್ ಇರುವ ಸಬ್‌ಕ್ವೆರಿಗೇ. ಎರಡು ಟೇಬಲ್ ಇದ್ದರೆ ಗೊಂದಲದ ಎರರ್ ಆದರೂ ಬರುವ ಸಾಧ್ಯತೆ ಇದೆ. ಒಂದೇ ಇದ್ದಾಗ ಹೆಸರು ಹೊರಗೆ ಹೋದರೆ ತಡೆಯುವವರೇ ಇಲ್ಲ.

ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸ್‌ನೊಳಗೇ ಇಡುವ ಪ್ರೋಗ್ರಾಂ, ಬರೆಯುವವರಿಗೆ ಇನ್ನೊಂದು ಮಾತು. ಅಲ್ಲಿ ವೇರಿಯಬಲ್ ಹೆಸರೂ ಈ ಹುಡುಕಾಟಕ್ಕೆ ಸೇರುತ್ತದೆ. ವೇರಿಯಬಲ್ ಮತ್ತು ಕಾಲಂ ಹೆಸರು ಒಂದೇ ಆದರೆ ಮೈಎಸ್‌ಕ್ಯುಎಲ್ ವೇರಿಯಬಲ್ ಅನ್ನು ಹಿಡಿಯುತ್ತದೆ. ಒರಾಕಲ್ ಕಾಲಂ ಹಿಡಿಯುತ್ತದೆ. ಪೋಸ್ಟ್‌ಗ್ರೆಸ್‌ನ ಪಿಎಲ್/ಪಿಜಿಎಸ್‌ಕ್ಯುಎಲ್ 9.0ರಿಂದೀಚೆಗೆ ಎರರ್ ಕೊಡುತ್ತದೆ. ವೇರಿಯಬಲ್‌ಗಳಿಗೆ 'ವಿ_' ಥರದ ಮುನ್ನುಡಿ ಕೊಟ್ಟರೆ ಡಿಕ್ಕಿಯೇ ಆಗುವುದಿಲ್ಲ.

ಪರೀಕ್ಷೆಗಳನ್ನು ಉಳಿಸಿಕೊಳ್ಳುವುದು

ಮೇಲಿನ ಕ್ವೆರಿಗಳನ್ನೆಲ್ಲ ಒಂದು ಫೈಲ್‌ನಲ್ಲಿ ಹಾಕಿ. ಪ್ರತಿಯೊಂದರ ಪಕ್ಕದಲ್ಲಿ ಬರಬೇಕಾದ ಉತ್ತರ, ಇಲ್ಲವೇ ಎರರ್ ಸಂಕೇತ ಬರೆಯಿರಿ. ಡೇಟಾಬೇಸ್‌ನ ಆವೃತ್ತಿ ಬದಲಿಸುವ ಮುಂಚೆ, ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಪೂರ್ತಿ ಫೈಲ್ ಓಡಿಸಿ, ವ್ಯತ್ಯಾಸ ಬಂದ ಸಾಲುಗಳನ್ನು ಮಾತ್ರ ಕೂತು ನೋಡಿ. ಒಂದು ವಿಷಯ ನೆನಪಿರಲಿ. ಮೈಎಸ್‌ಕ್ಯುಎಲ್ ಮತ್ತು ಒರಾಕಲ್‌ನಲ್ಲಿ ಟೇಬಲ್ ಮಾಡುವುದು, ಕಾಲಂ ಸೇರಿಸುವುದು ಆ ಕ್ಷಣವೇ ಕಮಿಟ್, ಅಂದರೆ ಖಾಯಂ, ಆಗುತ್ತದೆ, ರೋಲ್‌ಬ್ಯಾಕ್ ಮಾಡಿದರೆ ಹಿಂದಕ್ಕೆ ಬರುವುದಿಲ್ಲ. ಹಂತ 10ರ ಆಲ್ಟರ್ ಟೇಬಲ್ ಆದ ಮೇಲೆ ಟೇಬಲ್‌ಗಳನ್ನು ಅಳಿಸಿ ಹೊಸದಾಗಿ ಮಾಡುವ ಸಾಲುಗಳನ್ನೂ ಫೈಲ್‌ನಲ್ಲೇ ಸೇರಿಸಿ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಲೈಟ್‌ನಲ್ಲಿ ಇವು ಟ್ರಾನ್ಸಾಕ್ಷನ್ ಒಳಗೇ ಇರುತ್ತವೆ, ಕೊನೆಗೆ ರೋಲ್‌ಬ್ಯಾಕ್ ಕೊಟ್ಟರೆ ಸಾಕು.

ಕೆಲಸದ ಟೇಬಲ್‌ಗೆ ಹೊಸ ಕಾಲಂ ಸೇರಿಸುವ ಸಮಯ ಬಂದಾಗ, ಆ ಹೆಸರು ಈಗಾಗಲೇ ಯಾವ ಯಾವ ಟೇಬಲ್‌ನಲ್ಲಿದೆ ಅಂತ ಮೊದಲು ನೋಡಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್ ಮೂರರಲ್ಲೂ ಇದಕ್ಕೆ ಇನ್ಫರ್ಮೇಷನ್_ಸ್ಕೀಮಾ.ಕಾಲಮ್ಸ್ ಇದೆ. ಒರಾಕಲ್‌ನಲ್ಲಿ ಆಲ್_ಟ್ಯಾಬ್_ಕಾಲಮ್ಸ್.

ಸೆಲೆಕ್ಟ್ ಟೇಬಲ್_ನೇಮ್ ಫ್ರಮ್ ಇನ್ಫರ್ಮೇಷನ್_ಸ್ಕೀಮಾ.ಕಾಲಮ್ಸ್
ವೇರ್ ಕಾಲಮ್_ನೇಮ್ = 'ಜೋಡಿ'

ಬಂದ ಟೇಬಲ್‌ಗಳ ಹೆಸರನ್ನು ನಿಮ್ಮ ಕೋಡ್‌ನಲ್ಲಿ ಹುಡುಕಿ. ಹೊರಗೆ ಆ ಟೇಬಲ್, ಒಳಗೆ ನೀವು ಬದಲಿಸಲಿರುವ ಟೇಬಲ್ ಇರುವ ಕ್ವೆರಿ ಸಿಕ್ಕರೆ, ಅದರಲ್ಲಿ ಆ ಕಾಲಂ ಅಲಿಯಾಸ್ ಇಲ್ಲದೆ ಬಂದಿದೆಯಾ ನೋಡಿ. ಬಂದಿದ್ದರೆ ಮೊದಲು ಕ್ವೆರಿ ತಿದ್ದಿ, ಆಮೇಲೆ ಕಾಲಂ ಸೇರಿಸಿ.